ಬನಶಂಕರೆವ್ವನ ಪಾದದ ಹಸಿರು ಗೆರೆ

ಗಾಯ ಮಾಯುವುದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ನಿನ್ನೆ ಹಸಿಯಾಗಿದ್ದದ್ದು ಇವತ್ತು ಒಣಗುತ್ತದೆ, ನಾಡಿದ್ದು ಹಕ್ಕಳೆ ಕಟ್ಟುತ್ತದೆ, ಆಮೇಲೊಂದು ದಿನ ಹಕ್ಕಳೆ ಉದುರಿ ಹೋಗುತ್ತದೆ. ನಡುವೆ ಏನು ನಡೆಯಿತು ಎಂದು ಕೇಳಿದರೆ ದೇವರಿಗೇ ಗೊತ್ತು ಎನ್ನುವುದು ಲೋಕದ ರೂಢಿ. ದೇವರ ಆ ಗುಟ್ಟು ರಟ್ಟಾದದ್ದು ಗದುಗಿನಲ್ಲಿ, ಒಂದು ಹಳೆಯ ಹತ್ತಿ ಗಿರಣಿಯೊಳಗೆ, ಕಸ್ತೂರಿ ಎಂಬ ಹೆಣ್ಣುಮಗಳು ಬೆರಳು ಕೊಯ್ದುಕೊಂಡದ್ದರಿಂದ.

ಗಿರಣಿ ಮುಚ್ಚಿ ಬಹಳ ಕಾಲವಾಗಿತ್ತು. ಗೋಡೆಗೆ ಸುಣ್ಣ ಬಳಿದು, ಒಳಗೆ ಸೂಕ್ಷ್ಮದರ್ಶಕಗಳನ್ನೂ ಹಿತ್ತಲಲ್ಲಿ ಕೋಳಿಗೂಡನ್ನೂ ಇಟ್ಟುಕೊಂಡು ಅದನ್ನು ಪ್ರಯೋಗಾಲಯ ಮಾಡಿದವರು ಡಾ. ಮಹಮದಗೌಸ ನದಾಫ. ಅವರ ಅಜ್ಜ ಇದೇ ಊರಿನ ಓಣಿಗಳಲ್ಲಿ ಹತ್ತಿ ಹಿಂಜಿ, ಗಾದಿ ಹೊಲಿದು ಬದುಕಿದವರು. "ಅಜ್ಜ ಹತ್ತಿ ಹಿಂಜಿದ, ನಾ ಜೀವಕೋಶ ಹಿಂಜಾಕತ್ತೀನಿ. ಕಸುಬು ಒಂದ, ಧೂಳಷ್ಟ ಕಡಿಮಿ," ಎಂದು ಬಂದವರಿಗೆಲ್ಲ ಹೇಳುವರು. ಕಸ್ತೂರಿ ಅವರ ಕೈಕೆಳಗೆ ಎಂಟು ವರ್ಷದಿಂದ ತಂತ್ರಜ್ಞೆ. ಗಾಜಿನ ಪಟ್ಟಿಯ ಮೇಲೆ ಕೋಶ ಬೆಳೆಸುವುದರಿಂದ ಹಿಡಿದು ಮುನಿಸಿಕೊಂಡ ಕೋಳಿಯ ಅಡಿಯಿಂದ ಮೊಟ್ಟೆ ತೆಗೆಯುವವರೆಗೆ ಎಲ್ಲದಕ್ಕೂ ಅವಳೇ ಬೇಕು.

ನದಾಫರ ತಲೆಯಲ್ಲಿ ಇದ್ದದ್ದು ಸೆಪ್ಟಿನ್ ಎಂಬ ಒಂದು ಪ್ರೋಟೀನು. ಜೀವಕೋಶವೆಂದರೆ ಬರೀ ನೀರಿನ ಗುಳ್ಳೆಯಲ್ಲ. ಮನೆಗೆ ಹಂದರ ಇದ್ದಂತೆ ಅದರೊಳಗೂ ಎಳೆಗಳ ಒಂದು ಹಂದರ ಇರುತ್ತದೆ. ಒಂದು ಕೋಶ ಎರಡಾಗುವ ಹೊತ್ತಿಗೆ ಸೆಪ್ಟಿನ್ನಿನ ಎಳೆಗಳು ಅದರ ನಡುವಿಗೆ ಉಡದಾರದ ಹಾಗೆ ಸುತ್ತಿಕೊಳ್ಳುತ್ತವೆ. ಅಲ್ಲಿಂದಲೇ ಬಿಗಿತ ಶುರುವಾಗಿ ಕೋಶ ಎರಡು ತುಂಡಾಗುತ್ತದೆ. ಈ ಉಡದಾರವನ್ನು ನೋಡಬೇಕೆಂದರೆ ಅದಕ್ಕೆ ದೀಪ ಕಟ್ಟಬೇಕು. ದೀಪ ಕಟ್ಟುವ ಕೆಲಸ ಪ್ರತಿಕಾಯದ್ದು.

ಪ್ರತಿಕಾಯ ಕೊಡುವುದು ಕೋಳಿ. ಸೆಪ್ಟಿನ್ನನ್ನು ಚುಚ್ಚಿದರೆ ಕೋಳಿಯ ಮೈ ಇದು ಯಾವುದೋ ವೈರಿ ಎಂದುಕೊಂಡು ಅದನ್ನೇ ಹುಡುಕಿ ಹಿಡಿಯುವ ಪ್ರತಿಕಾಯವನ್ನು ತಯಾರಿಸುತ್ತದೆ. ತಯಾರಿಸಿದ್ದನ್ನು ಮೊಟ್ಟೆಯ ಹಳದಿಯಲ್ಲಿ ತುಂಬಿಡುತ್ತದೆ. ಆ ಪ್ರತಿಕಾಯದ ಹಿಡಿಯುವ ತುದಿಯನ್ನಷ್ಟೇ ಕತ್ತರಿಸಿಕೊಂಡು, ಅದಕ್ಕೆ ಬಣ್ಣದ ಕಣವೊಂದನ್ನು ಅಂಟಿಸುತ್ತಿದ್ದರು. ಸೆಪ್ಟಿನ್ ಕೈಗೆ ಸಿಕ್ಕಾಗ ಮಾತ್ರ ಆ ಕಣ ಎಚ್ಚರವಾಗುತ್ತದೆ. ನೀಲಿ ಬೆಳಕು ಬಿಟ್ಟು ಹಳದಿ ಕನ್ನಡಕದಿಂದ ನೋಡಿದರೆ ಹಸಿರಾಗಿ ಹೊಳೆಯುತ್ತದೆ. ಲೋಕದಲ್ಲಿ ಅಲ್ಲಿಯವರೆಗೆ ಇಂಥವೆಲ್ಲ ಗಾಜಿನ ಮೇಲೆ ಸತ್ತು ಬಿದ್ದ ಕೋಶಗಳನ್ನು ನೋಡಲಿಕ್ಕೇ ಇದ್ದವು. ನದಾಫರ ತುಣುಕು ಎಷ್ಟು ಸಣ್ಣದೆಂದರೆ ಜೀವಂತ ಕೋಶದೊಳಗೂ ನುಸುಳುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ.

ಒಂದು ದಿನ, ಹಿಂದಿನ ದಿನ ಗಾಜಿನ ಚೂರು ತಾಗಿ ಕೊಯ್ದಿದ್ದ ಕಸ್ತೂರಿಯ ಬೆರಳಿನ ಮೇಲೆ, ಹರಿದ ಕೈಗವಸಿನ ಸಂದಿನಿಂದ, ಆ ತುಣುಕುಗಳ ದ್ರಾವಣದ ಒಂದು ಹನಿ ಇಳಿಯಿತು. ಕಸ್ತೂರಿ ನೀಲಿ ದೀಪದಡಿ ಕೈ ಚಾಚಿದಳು. ಗಾಯದ ಎರಡೂ ದಂಡೆಗೆ ಕೂದಲೆಳೆಯಷ್ಟು ಹಸಿರು ಗೆರೆ ಮೂಡಿತ್ತು.

"ಕೈ ಅಲ್ಲೇ ಇಡ್ರಿ ಕಸ್ತೂರಿ. ಅಲುಗಾಡಬ್ಯಾಡ್ರಿ," ಎಂದರು ನದಾಫ.

"ಸರ, ಮಧ್ಯಾಹ್ನದ ಊಟಕ್ಕ ಹೋಗಬೇಕ್ರೀ."

"ಊಟ ನಾ ತರಸ್ತೀನಿ, ಬಾಯಾಗ ಇಡಸ್ತೀನಿ. ಕೈ ಮಾತ್ರ ಅಲ್ಲೇ ಇರ್ಲಿ."

ಆ ಗೆರೆಯ ತುಂಬ ಆ ಹೊತ್ತಿನಲ್ಲಿ ಒಡೆದು ಎರಡಾಗುತ್ತಿದ್ದ ಕೋಶಗಳಿದ್ದವು. ಎಲ್ಲಿ ಗೆರೆ ಇದೆಯೋ ಅಲ್ಲಿ ಗಾಯ ಮಾಯುತ್ತಿದೆ, ಇಲ್ಲದ ಕಡೆ ಇಲ್ಲ. ಇಷ್ಟೇ ವಿದ್ಯೆ. ಮೂರು ವರ್ಷದಲ್ಲಿ ಅದು ಒಂದು ಸಣ್ಣ ಡಬ್ಬಿಯ ಮುಲಾಮಾಗಿ 'ಕುಡಿಬೆಳಕು' ಎಂಬ ಹೆಸರು ಪಡೆದು, ಗದುಗಿನ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣುಗಳ ಮೇಲೆ ಪರೀಕ್ಷೆಗೆ ಬಂತು. ಸಕ್ಕರೆಯವರ ಕಾಲಿಗೆ ನೋವು ಗೊತ್ತಾಗುವುದಿಲ್ಲ. ಮೇಲೆ ಒಣಗಿದಂತೆ ಕಂಡು ಒಳಗೆ ಕೊಳೆಯುತ್ತದೆ. ಯಾವ ಕಾಲು ಉಳಿಯುತ್ತದೆ, ಯಾವುದನ್ನು ಕತ್ತರಿಸಬೇಕು ಎನ್ನುವುದು ವೈದ್ಯರ ಅಂದಾಜಿನ ಮೇಲೆ ನಿಂತಿತ್ತು. ಇನ್ನು ಅಂದಾಜು ಬೇಡ, ಗೆರೆ ಹೇಳುತ್ತದೆ.

ಜನ ಹೊಸದಕ್ಕೆ ಹೊಂದಿಕೊಳ್ಳುವ ವೇಗ ನೋಡಬೇಕು. ಮನೆಗೊಂದು ಮುಲಾಮಿನ ಡಬ್ಬಿ, ಒಂದು ನೀಲಿ ಬ್ಯಾಟರಿ, ಒಂದು ಹಳದಿ ಕನ್ನಡಕ ಕೊಟ್ಟು ಕಳಿಸಿದ ತಿಂಗಳೊಳಗೆ ಓಣಿಯ ಮಾತೇ ಬದಲಾಯಿತು. "ಆರಾಮದೀರಿ?" ಎನ್ನುವ ಬದಲು "ಗೆರಿ ಎಷ್ಟ ಬಂತು?" ಎಂದು ಕೇಳತೊಡಗಿದರು. ಸಂಜೆ ಬಾಗಿಲು ಹಾಕಿಕೊಂಡು, ಇರುವ ಒಂದೇ ಕನ್ನಡಕವನ್ನು ಮನೆಮಂದಿಯೆಲ್ಲ ಕೈಯಿಂದ ಕೈಗೆ ದಾಟಿಸಿ ಹಿರಿಯರ ಕಾಲು ನೋಡುವುದು ಒಂದು ಪದ್ಧತಿಯಾಯಿತು. ಬೀಗರ ಮನೆಗೆ ಹೋದವರು ಚಹಾ ಆದಮೇಲೆ ಅವರ ಹುಣ್ಣನ್ನೂ ನೋಡಿಯೇ ಏಳಬೇಕು. ಇಲ್ಲದಿದ್ದರೆ ಬೇಜಾರು.

ಕಸ್ತೂರಿಯ ಅತ್ತೆ ಬನಶಂಕರೆವ್ವನೂ ಆ ಪರೀಕ್ಷೆಯಲ್ಲಿ ಒಬ್ಬಳು.

ಬೆಟಗೇರಿಯಲ್ಲಿ ಆ ಕಾಲಕ್ಕೆ ಉಳಿದಿದ್ದ ಏಳು ಕೈಮಗ್ಗಗಳಲ್ಲಿ ಒಂದು ಅವಳದು. ಎಪ್ಪತ್ತೊಂದು ವಯಸ್ಸು, ಮಾತು ಖಾರ, ಕೈ ಚುರುಕು. ಅವಳ ಮಗ್ಗ ನೆಲದಲ್ಲಿ ತೆಗ್ಗು ತೋಡಿ ಕೂಡಿಸಿದ್ದು. ತೆಗ್ಗಿನೊಳಗೆ ಎರಡೂ ಕಾಲು ಇಳಿಬಿಟ್ಟು ಹಲಗೆ ತುಳಿಯಬೇಕು. ಎಡಗಾಲು ಒತ್ತಿದರೆ ಒಂದು ಸಾಲಿನ ನೂಲು ಮೇಲೇಳುತ್ತದೆ, ಬಲಗಾಲು ಒತ್ತಿದರೆ ಇನ್ನೊಂದು ಸಾಲು. ನಡುವೆ ಲಾಳಿ ಓಡುತ್ತದೆ. ಎರಡು ತಿಂಗಳ ಹಿಂದೆ ಹಲಗೆಯ ಬಿದಿರಿನ ಸಿಬಿರೊಂದು ಅವಳ ಬಲ ಪಾದದಲ್ಲಿ ಕಿರುಬೆರಳಿನ ಬುಡಕ್ಕೆ ಮುರಿದು ಉಳಿದಿತ್ತು. ಗೊತ್ತೇ ಆಗಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಹುಣ್ಣು ರೂಪಾಯಿ ಅಗಲ ಆಗಿತ್ತು.

"ಕಾಲು ಹೋದ್ರ ನಾ ಹೋದಂಗ," ಎಂದು ಅವಳು ಮೊದಲ ದಿನವೇ ಹೇಳಿದ್ದಳು. "ಕಣ್ಣ ಮಂಜಾದ ನೇಕಾರರು ಅದಾರ, ಕಿವಿ ಕೇಳದವರು ಅದಾರ. ಒಂಟಿಗಾಲಿನ ನೇಕಾರನ್ನ ನೋಡಿಯೇನು ನೀ?"

ಕಸ್ತೂರಿಗೆ ಅತ್ತೆಯ ಬೈಗುಳ ಅಭ್ಯಾಸವಾಗಿತ್ತು, ಅತ್ತೆಯ ಅಂಜಿಕೆ ಅಭ್ಯಾಸವಿರಲಿಲ್ಲ. ಅಮ್ಮನಿಲ್ಲದೆ ಬೆಳೆದ ಅವಳನ್ನು ಮಗಳ ಹಾಗೆ ನೋಡಿಕೊಂಡ ಹೆಂಗಸು ಅದು. ಪ್ರಯೋಗಾಲಯದ ಕೆಲಸಕ್ಕೆ ಹೋಗುತ್ತೇನೆ ಎಂದಾಗ ಗಂಡ ರಾಚಪ್ಪ ತಲೆ ಕೆರೆದುಕೊಳ್ಳುತ್ತ ನಿಂತಿದ್ದರೆ, ಬುತ್ತಿ ಕಟ್ಟಿ ಕೈಗಿಟ್ಟವಳು ಬನಶಂಕರೆವ್ವ. ಆ ಕಾಲನ್ನು ಉಳಿಸಿಯೇ ಉಳಿಸುತ್ತೇನೆ ಎಂದು ಕಸ್ತೂರಿ ಮನಸ್ಸಿನಲ್ಲೇ ಹಟ ಹಿಡಿದಿದ್ದಳು.

ಒಂದೇ ಒಂದು ವಿಷಯ ಮುಚ್ಚಿಟ್ಟಿದ್ದಳು. ಬನಶಂಕರೆವ್ವ ಮೊಟ್ಟೆ ಮುಟ್ಟದ ಮನುಷ್ಯಳು. ಮುಲಾಮು ಎಲ್ಲಿಂದ ಬರುತ್ತದೆ ಎಂದು ಕೇಳಿದಾಗಲೆಲ್ಲ ಕಸ್ತೂರಿ "ಗಿರಣ್ಯಾಗಿಂದ" ಎಂದು ತೇಲಿಸಿಬಿಡುತ್ತಿದ್ದಳು. ಒಂದು ದಿನ ಮಾವ ಪರಪ್ಪ ಬೇಸರಕ್ಕೆ ಡಬ್ಬಿಯೊಳಗಿನ ಕಾಗದ ಬಿಡಿಸಿ ದೊಡ್ಡ ದನಿಯಲ್ಲಿ ಓದಿಬಿಟ್ಟ. ಕೋಳಿ, ಮೊಟ್ಟೆ, ಹಳದಿ, ಎಲ್ಲ ಬಂತು.

ಬನಶಂಕರೆವ್ವ ತನ್ನ ಪಾದ ನೋಡಿದಳು. "ನಾ ತಿಂದಿಲ್ಲಲ್ಲ, ಕಾಲು ತಿಂದೈತಿ," ಎಂದಳು. "ಅದು ಹಂಗೂ ಮದಲಿಂದ ನನ್ನ ಮಾತ ಕೇಳಿದ್ದಲ್ಲ. ಹಚ್ಚು."

ಆಸ್ಪತ್ರೆಯ ಶಸ್ತ್ರವೈದ್ಯೆ ಡಾ. ಸುಮಿತ್ರಾ ಬೇವೂರ ಮೂರು ವಾರದ ಹಿಂದೆ ಅವಳ ಕಾಲನ್ನು ಯಂತ್ರದ ಪೆಟ್ಟಿಗೆಯೊಳಗೆ ತೂರಿಸಿ ನೋಡಿದ್ದರು. ಆ ಪೆಟ್ಟಿಗೆ ಹುಣ್ಣಿನ ದಂಡೆಯನ್ನಷ್ಟೇ ನೋಡಿ ಬೆಳಕನ್ನು ಅಂಕಿಯಾಗಿ ತೋರಿಸುತ್ತದೆ. ನೂರಕ್ಕೆ ತೊಂಬತ್ತೆಂಟು. "ಸುತ್ತಲೂ ಬೆಳಕೈತಿ. ಕಾಲಿಗೇನೂ ಭಯ ಇಲ್ಲ. ತಿಂಗಳ ಬಿಟ್ಟು ಬರ್ರಿ," ಎಂದು ಬೇವೂರ ಹೇಳಿದ ದಿನ ಮನೆಯಲ್ಲಿ ಗೋಧಿ ಹುಗ್ಗಿ ಮಾಡಿದರು.

ಬನಶಂಕರೆವ್ವನದಷ್ಟೇ ಅಲ್ಲ. ನಲವತ್ತಮೂರು ಜನರಲ್ಲಿ ನಲವತ್ತೊಂದು ಜನರ ಹುಣ್ಣುಗಳು ಝಗಝಗ ಹೊಳೆಯುತ್ತಿದ್ದವು. ನದಾಫರು ಅಂಕಿಗಳನ್ನು ಗೋಡೆಗೆ ಅಂಟಿಸಿ ಅದರ ಮುಂದೆ ಹಿಂದೆ ಓಡಾಡುವರು. ಪರೀಕ್ಷೆಯ ವರದಿ ಶನಿವಾರ ದಿಲ್ಲಿಗೆ ಹೋಗಬೇಕಿತ್ತು. "ಕಸ್ತೂರಿ, ಈ ಊರ ನೀರಾಗ ಏನರ ಐತೇನ್ರೀ? ಬ್ಯಾರೆ ಕಡೆ ಅರ್ಧಕ್ಕರ್ಧ ಮಂದಿದು ಮಾಯಂಗಿಲ್ಲ," ಎನ್ನುವರು. ನೀರಿನಲ್ಲಿ ಏನೂ ಇರಲಿಲ್ಲ.

ಆ ಮಂಗಳವಾರ ಸಂಜೆ ಕಸ್ತೂರಿ ಎಂದಿನಂತೆ ಬಾಗಿಲು ಕಿಟಕಿ ಮುಚ್ಚಿ, ಹಳದಿ ಕನ್ನಡಕ ಹಾಕಿಕೊಂಡು ಅತ್ತೆಯ ಕಾಲಿಗೆ ಬ್ಯಾಟರಿ ಬಿಟ್ಟಳು. ಹುಣ್ಣಿನ ಸುತ್ತ ಒಳ್ಳೆಯ ಬೆಳಕು. ಆದರೆ ಬಟ್ಟೆ ಬಿಚ್ಚಿದಾಗ ಬಂದ ವಾಸನೆ ಅವಳಿಗೆ ಸರಿಕಾಣಲಿಲ್ಲ. ಕಾಲು ಮುಟ್ಟಿದರೆ ಬೆಚ್ಚಗಿತ್ತು.

"ಅತ್ತೀ, ಮೈ ಕಾವ ಆಗೇತೇನು?"

"ಬ್ಯಾಸಿಗಿ. ಯಾರಿಗೆ ಕಾವ ಇಲ್ಲ?"

ಬಿಸಿನೀರು ತರೋಣವೆಂದು ಕಸ್ತೂರಿ ಬ್ಯಾಟರಿ ಕೈಯಲ್ಲಿ ಹಿಡಿದೇ ಅಡಿಗೆಮನೆಯತ್ತ ತಿರುಗಿದಳು. ಕಾಲೆತ್ತಿದವಳು ಹಾಗೇ ನಿಂತಳು. ಹೊಸ್ತಿಲು ಹೊಳೆಯುತ್ತಿತ್ತು.

ಎಡದಿಂದ ಬಲಕ್ಕೆ, ಒಂದೇ ಸಮನಾದ ಚೆಂದದ ಹಸಿರು. ಅತ್ತೆಯ ಹುಣ್ಣಿನದೇ ಬೆಳಕು. ಬೆಳಿಗ್ಗೆ ತಾನೇ ತೊಳೆದು ಅರಿಶಿಣ ಬಳಿದ ಹೊಸ್ತಿಲು ಅದು. ಸಾಗವಾನಿ ಕಟ್ಟಿಗೆಗೆ ಯಾವ ಗಾಯ, ಯಾವ ಕೋಶ? ಕಸ್ತೂರಿ ಬ್ಯಾಟರಿಯನ್ನು ಅಡಿಗೆಮನೆಯ ತುಂಬ ಆಡಿಸಿದಳು. ಮಸಾಲೆ ಡಬ್ಬಿಯ ಮುಚ್ಚಳ ಹೊಳೆಯಿತು, ಒರಳು ಹೊಳೆಯಿತು, ಗೋಡೆಗೆ ತಗುಲಿಸಿದ ಪಂಚಾಂಗದ ನಾಲ್ಕು ಮೂಲೆ ಹೊಳೆದವು. ಹೊರಗೆ ಬಂದರೆ ಮಾವನ ಅಂಗಿಯ ಮೇಲೆ ಮಧ್ಯಾಹ್ನದ ಬೇಳೆ ಸಾರಿನ ಎರಡು ಹನಿ ಹೊಳೆಯುತ್ತಿದ್ದವು. ಕೊನೆಗೆ ಬ್ಯಾಟರಿಯನ್ನು ಅತ್ತೆಯ ಕಾಲಿಗೆ ತಿರುಗಿಸಿ, ಈ ಸಲ ಹುಣ್ಣು ಬಿಟ್ಟು ಉಳಿದದ್ದನ್ನು ನೋಡಿದಳು. ಹಿಮ್ಮಡಿ, ಹರಡು, ಐದೂ ಬೆರಳು, ಎಲ್ಲ ಹಸಿರು. ಗಾಯವೇ ಇಲ್ಲದ ಎಡಗಾಲು ಕೂಡ.

ಹನ್ನೊಂದು ವರ್ಷ ಹಗಲೆಲ್ಲ ದೀಪ ಹಿಡಿದು ಕೆಲಸ ಮಾಡಿದವಳ ಮನೆಯಲ್ಲೇ ದೀಪದ ಬುಡಕ್ಕೆ ಕತ್ತಲು.

"ಅತ್ತೀ, ಹುಣ್ಣಿಗೆ ಅರಿಶಿಣ ಹಚ್ಚೀರೇನು? ಏನೂ ಹಚ್ಚಬಾರದು ಅಂತ ಡಾಕ್ಟರ್ ಹೇಳಿದ್ರಲ್ಲ."

"ಹುಣ್ಣಿಗೆ ಯಾಕ ಹಚ್ಚಲಿ? ನಂಗೇನ ಬುದ್ಧಿ ಇಲ್ಲೇನು? ಕಾಲಿಗೆ ಹಚ್ಚೇನಿ. ಕಾಲ ಬ್ಯಾರೆ, ಹುಣ್ಣ ಬ್ಯಾರೆ."

"ಆಸ್ಪತ್ರಿಗೆ ಹೋದ ದಿನಾನೂ?"

"ಅವತ್ತ ಚಲೋ ಹಂಗ ಹಚ್ಚಿದ್ನಿ. ದೊಡ್ಡ ಡಾಕ್ಟರು, ನಾಕ ಮಂದಿ ಕುಂತ ಪಾದ ನೋಡ್ತಾರ. ಮುತ್ತೈದಿ ಬರೇ ಕಾಲ ತೋರಸೂದು ಹೆಂಗ? ನಾ ಒಬ್ಬಾಕಿನ ಅಲ್ಲ, ಎದುರ ಮನಿ ಪಾರವ್ವನೂ ಹಚಕೊಂಡ ಬಂದಿದ್ಲು. ಎಲ್ಲಾರೂ ಹಚಕೋತಾರ."

ಎಲ್ಲಾರೂ. ಗದುಗಿನ ಹೆಂಗಸರು ಆಸ್ಪತ್ರೆಗೆ ಹೋಗುವ ಮುಂಚೆ, ಮರ್ಯಾದೆಗೆಂದು, ಕಾಲು ತೊಳೆದು ಅರಿಶಿಣ ಹಚ್ಚಿಕೊಂಡಿದ್ದರು. ಗಂಡಸರ ಕಾಲಿಗೆ ಹೆಂಡತಿ, ತಾಯಿ ಮನೆಮದ್ದೆಂದು ಸವರಿ ಕಳಿಸಿದ್ದರು. ಅಂದರೆ ಅತ್ತೆಯ ಹುಣ್ಣಿನ ಆ ತೊಂಬತ್ತೆಂಟು ಅಂಕಿಯಲ್ಲಿ ಅತ್ತೆಯದು ಎಷ್ಟು, ಅರಿಶಿಣದ್ದು ಎಷ್ಟು, ಯಾರಿಗೂ ತಿಳಿಯದು. ಒಳಗೆ ಕೊಳೆಯುತ್ತಿದ್ದರೂ ಮೇಲೆ ದೀಪಾವಳಿ.

ಬುಧವಾರ ಬೆಳಿಗ್ಗೆ ನದಾಫರು ಅವಳ ಮಾತನ್ನು ಮೊದಲು ನಂಬಲಿಲ್ಲ. ಗಾಜಿನ ಪಟ್ಟಿಗೆ ಚಿಟಿಕೆ ಅರಿಶಿಣ ಕಲಸಿ ಹಚ್ಚಿ ನೀಲಿ ದೀಪದಡಿ ಇಟ್ಟರು. ಯಂತ್ರ ತಡಮಾಡದೆ ತೊಂಬತ್ತೊಂಬತ್ತು ಎಂದಿತು.

"ಹಂಗಂದ್ರ ನಿನ್ನಿ ನಮ್ಮ ಮನ್ಯಾಗ ಮಾಡಿದ ಬಿರ್ಯಾನಿನೂ ಮಾಯಾಕತ್ತಿತ್ತು ಅಂದಂಗಾತು," ಎಂದರು. ನಗಲು ಹೋದರು, ಆಗಲಿಲ್ಲ. ಕುರ್ಚಿಯಲ್ಲಿ ಕೂತು ಗೋಡೆಯ ಮೇಲಿನ ಅಂಕಿಗಳನ್ನು ನೋಡಿದರು. "ನಾವು ಬೆಂಗಳೂರಿಂದ ಚರ್ಮದ ತುಣುಕು ತರಿಸಿ ಪರೀಕ್ಷಾ ಮಾಡಿದ್ವಿ. ಆ ಚರ್ಮಕ್ಕ ಅರಿಶಿಣ ಅಂದ್ರ ಏನಂತನ ಗೊತ್ತಿರಲಿಲ್ಲ. ನಮ್ಮ ಮನಿ ಮಂದಿ ಕಾಲು ಹೆಂಗಿರತಾವ ಅಂತ ನಮಗ ಗೊತ್ತಿರಬೇಕಿತ್ತಲ್ಲ ಕಸ್ತೂರಿ."

"ಸರ, ವರದಿ ಆಮ್ಯಾಲ ನೋಡ್ರಿ. ನಮ್ಮ ಅತ್ತಿ ಕಾಲು ವಾಸನಿ ಬರಾಕತ್ತೈತಿ."

ನದಾಫರು ಎದ್ದು ನಿಂತರು. ಬೇವೂರರಿಗೆ ಫೋನು ಹೋಯಿತು. ಗುರುವಾರ ಹನ್ನೊಂದಕ್ಕೆ ಬನಶಂಕರೆವ್ವನ ಕಾಲನ್ನು ಮತ್ತೆ ನೋಡುವುದೆಂದಾಯಿತು. ಬೇವೂರ ಸೀದಾ ಮಾತಿನ ಹೆಂಗಸು. "ನಾಳೆ ಖರೇ ಬೆಳಕು ತೋರ್ಸಿದ್ರ ಸರಿ. ತೋರ್ಸಾಕ ಆಗದಿದ್ರ, ವಾಸನಿ ಅಷ್ಟ ನಂಬಿ ನಾ ಕತ್ತರಸಬೇಕಾಗತೈತಿ. ಎಲ್ಲಿಗೆ ಕತ್ತರಸಬೇಕು ಅನ್ನೂದು ತಿಳೀದಿದ್ರ ಮ್ಯಾಲಕ್ಕ ಕತ್ತರಸ್ತೀನಿ. ಜೀವ ದೊಡ್ಡದು," ಎಂದರು. ಮೇಲಕ್ಕೆ ಎಂದರೆ ಹರಡಿನ ಮೇಲೆ. ಪಾದವಿಲ್ಲ, ಮಗ್ಗವಿಲ್ಲ.

ಅರಿಶಿಣವನ್ನು ತೆಗೆಯುವುದು ಹೇಗೆ? ಕಸ್ತೂರಿ ತನ್ನ ಕೈಗೇ ಬಳಿದುಕೊಂಡು ಸೋಪಿನಿಂದ ಉಜ್ಜಿದಳು. ಅರಿಶಿಣ ಜಗ್ಗಲಿಲ್ಲ, ಅದು ಚರ್ಮದೊಳಗೇ ಇಳಿದು ಕೂತಿರುತ್ತದೆ. ಸ್ಪಿರಿಟ್ಟಿನಿಂದ ಒರೆಸಿದರೆ ಹೋಗುತ್ತಿತ್ತು, ಆದರೆ ಹುಣ್ಣಿನ ಮೇಲೆ ಸ್ಪಿರಿಟ್ಟು ಹಾಕಿದರೆ ಹೊಸ ಕೋಶಗಳೂ ಸಾಯುತ್ತವೆ. ಪ್ರತಿಕಾಯಕ್ಕೆ ಹಸಿರಿನ ಬದಲು ಕೆಂಪು ಬಣ್ಣ ಅಂಟಿಸಬಹುದಿತ್ತು. ಅದಕ್ಕೆ ಎರಡು ತಿಂಗಳು. ಅವಳ ಕೈಯಲ್ಲಿ ಇದ್ದದ್ದು ಒಂದು ದಿನ.

ಮಧ್ಯಾಹ್ನ ಕಂಗೆಟ್ಟು ಮನೆಗೆ ಬಂದಳು. ಬನಶಂಕರೆವ್ವ ಮಗ್ಗದ ಪಕ್ಕದಲ್ಲಿ ಕಾಲು ಚಾಚಿ ಕೂತು, ತೆಗ್ಗಿನಲ್ಲಿಳಿದು ಹಲಗೆ ತುಳಿಯುತ್ತಿದ್ದ ಪರಪ್ಪನಿಗೆ ಹುಕುಂ ಮಾಡುತ್ತಿದ್ದಳು. ಕಸ್ತೂರಿಗೆ ಅಳು, ಸಿಟ್ಟು ಒಟ್ಟಿಗೆ ಬಂತು. ಎಲ್ಲವನ್ನೂ ಹೇಳಿದಳು, ಮೇಲಕ್ಕೆ ಕತ್ತರಿಸುವ ಮಾತನ್ನೂ ಬಿಡಲಿಲ್ಲ. ಪರಪ್ಪನ ಕಾಲು ಹಲಗೆಯ ಮೇಲೆ ನಿಂತುಬಿಟ್ಟಿತು.

ಬನಶಂಕರೆವ್ವ ಸೆರಗಿನಿಂದ ಪಾದ ಮುಚ್ಚಿಕೊಂಡಳು. ಆಮೇಲೆ, "ಅಂದ್ರ ನಾ ಮರ್ಯಾದಿ ಮಾಡಾಕ ಹೋಗಿ ಮೋಸ ಮಾಡಿದಂಗಾತೇನು?" ಎಂದಳು. ಅವಳ ದನಿ ಸಣ್ಣದಾಗಿತ್ತು.

"ಮೋಸ ಅಲ್ಲ ಅತ್ತಿ. ನಮಗ ಹೊಳೀಲಿಲ್ಲ. ಈಗ ಎಷ್ಟ ತೊಳದ್ರೂ ಹೋಗವಲ್ದು ಅದು."

"ತೊಳದ್ರ ಹೆಂಗ ಹೋಗತೈತಿ?" ಮುದುಕಿಯ ದನಿ ತಟ್ಟನೆ ಮೊದಲಿನ ಖಾರಕ್ಕೆ ಬಂತು. "ನೇಕಾರರ ಮನಿ ಸೊಸಿ ಆಗಿ ಹನ್ನೆರಡ ವರ್ಷ ಆತು, ಇಷ್ಟ ಗೊತ್ತಿಲ್ಲ ನಿಂಗ. ಅರಿಶಿಣದ ಬಣ್ಣ ನೀರಿಗೆ ಹೋಗೂದಲ್ಲ, ಬಿಸಲಿಗೆ ಹೋಗೂದು. ನಮ್ಮವ್ವ ಅರಿಶಿಣ ಹಾಕಿದ ನೂಲನ್ನ ನೆಳ್ಳಾಗ ಒಣಗಸ್ತಿದ್ಲು. ಮರತ ಅಂಗಳಾಗ ಬಿಟ್ರ ಸಂಜಿಗೆ ಬೆಳ್ಳಗ ಆಗಿಬಿಡತಿತ್ತು. ಕಚ್ಚಾ ಬಣ್ಣ ಅದು. ಬೆಳಕ ಕಂಡ್ರ ನಿಲ್ಲಂಗಿಲ್ಲ."

ಕಸ್ತೂರಿ ಅತ್ತೆಯ ಮುಖವನ್ನೇ ನೋಡಿದಳು. ಪ್ರತಿಕಾಯಕ್ಕೆ ಅಂಟಿಸಿದ ಬಣ್ಣ ಕಚ್ಚಾ ಅಲ್ಲ. ಗಂಟೆಗಟ್ಟಲೆ ದೀಪದಡಿ ಇಟ್ಟರೂ ಮಾಸದಂಥದ್ದನ್ನು ಆರಿಸಲಿಕ್ಕೆಂದೇ ನದಾಫರು ಒಂದು ವರ್ಷ ಕಳೆದಿದ್ದರು. ಅತ್ತೆಯ ಗಲ್ಲ ಹಿಡಿದು ಮುದ್ದು ಕೊಟ್ಟು ಓಡಿದಳು. "ಉಂಡ ಹೋಗ," ಎಂದು ಬನಶಂಕರೆವ್ವ ಕೂಗಿದ್ದು ಓಣಿಯ ತಿರುವಿನವರೆಗೆ ಕೇಳಿಸುತ್ತಿತ್ತು.

ಗಿರಣಿಯಲ್ಲಿ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರು. ಒಂದರ ಮೇಲೆ ಅರಿಶಿಣ, ಇನ್ನೊಂದರ ಮೇಲೆ ಕುಡಿಬೆಳಕು ಹಚ್ಚಿದ ಜೀವಂತ ಕೋಶ. ಬಿಸಿಲು ಬೇಡ, ಸ್ಪರ್ಶಜ್ಞಾನವಿಲ್ಲದ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ ಎಂದು, ಕಾವಿಲ್ಲದ ದೊಡ್ಡ ನೀಲಿ ದೀಪ ಹೊತ್ತಿಸಿದರು. ಹತ್ತು ನಿಮಿಷಕ್ಕೆ ಅರಿಶಿಣ ಅರ್ಧಕ್ಕೆ ಇಳಿಯಿತು. ನಲವತ್ತನೆಯ ನಿಮಿಷಕ್ಕೆ ಯಂತ್ರ ಸೊನ್ನೆ ತೋರಿಸಿತು. ಪಕ್ಕದ ಪಟ್ಟಿ ಮಾತ್ರ ಇದ್ದಂತೆಯೇ ಹೊಳೆಯುತ್ತಿತ್ತು. ಕಸ್ತೂರಿಯ ಕೈಗೆ ಬಳಿದದ್ದು ಚರ್ಮದ ಆಳಕ್ಕೆ ಇಳಿದಿದ್ದರಿಂದ ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು, ಆದರೆ ಹೋಯಿತು.

"ಇದನ್ನ ಯಾರ ಹೇಳಿದ್ರು ನಿಮಗ?" ಎಂದರು ನದಾಫ.

"ನಮ್ಮತ್ತೀರೀ."

"ಹಂಗಾರ ವರದ್ಯಾಗ ಅವರ ಹೆಸರೂ ಬರೀಬೇಕಾಗತೈತಿ."

ಅಂದು ಸಂಜೆಯವರೆಗೆ ಇಬ್ಬರೂ ಕೂತು, ಹುಣ್ಣು ಹೊಳೆದಿದ್ದ ಉಳಿದ ನಲವತ್ತು ಜನರ ಮನೆಗಳಿಗೆ ಫೋನು ಮಾಡಿದರು.

"ನಾಳೆಯಿಂದ ಒಬ್ಬೊಬ್ಬರಾಗಿ ಆಸ್ಪತ್ರಿಗೆ ಬರ್ರಿ, ಮತ್ತ ನೋಡಬೇಕು. ಕಾಲಿಗೆ ಅರಿಶಿಣ ಹಚ್ಚಬ್ಯಾಡ್ರಿ."

"ಅಯ್ಯ, ಡಾಕ್ಟರ ಮುಂದ ಹಂಗ ಬರೂದೇನ್ರೀ?"

"ಹೂನ್ರೀ, ಹಂಗ ಬರ್ರಿ."

"ಕುಂಕುಮ ನಡೀತೈತೇನ್ರೀ?"

ನದಾಫರು ಫೋನಿನ ಮೇಲೆ ಕೈ ಮುಚ್ಚಿ ಕಸ್ತೂರಿಯನ್ನು ನೋಡಿದರು. "ಹಣಿಗೆ ನಡೀತೈತಿ ಅನ್ರಿ," ಎಂದಳು ಅವಳು.

ಗುರುವಾರ ಆಸ್ಪತ್ರೆಯ ಕೋಣೆಗೆ ಕಪ್ಪು ಪರದೆ ಎಳೆದರು. ಬನಶಂಕರೆವ್ವ ಎತ್ತರದ ಮಂಚದ ಮೇಲೆ, ಅವಳ ಕೈ ಕಸ್ತೂರಿಯ ಕೈಯಲ್ಲಿ. ಬೇವೂರ ಮತ್ತು ನದಾಫ ಕಾಲಿನ ಹತ್ತಿರ ನಿಂತರು. ದೊಡ್ಡ ನೀಲಿ ದೀಪ ಒಂದು ಗಂಟೆ ಉರಿಯಿತು. ಹಳದಿ ಕನ್ನಡಕ ಹಾಕಿಕೊಂಡವರಿಗೆ ಶುರುವಿನಲ್ಲಿ ಪಾದ ಪೂರ್ತಿ ಹಸಿರಾಗಿ ಕಂಡಿತು. ನೋಡನೋಡುತ್ತ ಬೆರಳುಗಳು ಆರಿದವು, ಹಿಮ್ಮಡಿ ಆರಿತು, ಕೊನೆಗೆ ಹುಣ್ಣಿನ ದಂಡೆಯೂ ಆರಿತು. ಕತ್ತಲಲ್ಲಿ ಪಾದ ಎಲ್ಲಿದೆ ಎಂಬುದೇ ತಿಳಿಯದಾಯಿತು.

"ಎಲ್ಲಾ ಹೋತೇನು?" ಎಂದಳು ಕನ್ನಡಕವಿಲ್ಲದ ಬನಶಂಕರೆವ್ವ. ಅವಳ ಬೆರಳುಗಳು ಕಸ್ತೂರಿಯ ಕೈಯನ್ನು ಹಿಸುಕುತ್ತಿದ್ದವು.

"ಅದು ಅರಿಶಿಣ ಹೋದದ್ದು ಅತ್ತಿ. ಈಗ ಹಚ್ಚತೀವಿ."

ಮನೆಯಲ್ಲಿ ಹಚ್ಚಿದ್ದ ಮುಲಾಮು ಬೆಳಿಗ್ಗೆ ಹುಣ್ಣು ತೊಳೆದಾಗಲೇ ಹೋಗಿತ್ತು. ಹೊಸದನ್ನು ಹಚ್ಚಿ ಕಾಲು ಗಂಟೆ ಕಾಯಬೇಕು. ಕಸ್ತೂರಿ ಏನನ್ನೂ ಲೆಕ್ಕ ಹಾಕಲಿಲ್ಲ, ಯಾವ ವಿಜ್ಞಾನವೂ ಅವಳ ತಲೆಯಲ್ಲಿರಲಿಲ್ಲ. ಅವ್ವಾ ಬನಶಂಕರಿ, ಒಂದು ಗೆರೆ ತೋರಿಸು ಎಂದಷ್ಟೇ ಬೇಡುತ್ತಿದ್ದಳು. ಬೇವೂರ ಮುಲಾಮನ್ನು ಒರೆಸಿ ದೀಪ ಹಾಕಿದರು.

ಏನೂ ಇರಲಿಲ್ಲ.

"ಕಣ್ಣಿಗೆ ಒಂಚೂರ ಹೊತ್ತ ಕೊಡ್ರಿ," ಎಂದರು ನದಾಫ.

ಮೊದಲು ಕಂಡದ್ದು ಬೇವೂರರಿಗೆ. ಹುಣ್ಣಿನ ಒಳಬದಿಯಲ್ಲಿ ಒಂದು ಎಳೆ. ಸಣ್ಣದು, ತೆಳ್ಳಗಿನದು, ಮೊದಲಿನ ಆ ಝಗಮಗದ ಮುಂದೆ ಬಡಪಾಯಿ. ಆದರೆ ಅದು ಕದಲದೆ ನಿಂತಿತ್ತು. ಅಲ್ಲಿಂದ ಹಿಮ್ಮಡಿಯ ಕಡೆಗೆ ತಿರುಗಿ, ಅಲ್ಲಲ್ಲಿ ದಪ್ಪವಾಗಿ, ಹೆಬ್ಬೆರಳಿನ ಕಡೆ ಬಂದು, ಮೂರು ದಿಕ್ಕು ಸುತ್ತಿತ್ತು. ಕಿರುಬೆರಳಿನ ಬುಡದಲ್ಲಿ ಮಾತ್ರ ಗೆರೆ ಕಡಿದು ಕತ್ತಲಾಗಿತ್ತು. ಬೇವೂರ ಆ ಕತ್ತಲಿನ ಜಾಗದಲ್ಲಿ ಸಣ್ಣ ಸಲಾಕೆಯಿಂದ ಒತ್ತಿದರು. ಅದು ಸರಕ್ಕನೆ ಒಳಗೆ ಇಳಿಯಿತು, ಕೀವು ಬಂತು.

"ಇಲ್ಲೈತಿ ನೋಡ್ರಿ," ಎಂದರು. "ಸಿಬರಿನ ಚೂರು ಇನ್ನೂ ಒಳಗೈತಿ. ಬೆರಳಿನ ಎಲುಬು ಕೊಳತೈತಿ. ಮೂರು ವಾರದ ಹಿಂದ ಸುತ್ತಲೂ ಬೆಳಕೈತಿ ಅಂತ ಹೇಳಿ ಮನಿಗೆ ಕಳಿಸಿದಾಕಿ ನಾನ. ಇನ್ನೊಂದ ವಾರ ಬಿಟ್ಟಿದ್ರ ಪಾದಾನ ಹೋಗತಿತ್ತು." ಒಂದು ಕ್ಷಣ ತಡೆದರು. "ಈಗ ಎಲ್ಲಿಗೆ ನಿಲ್ಲಸಬೇಕು ಅಂತ ಕಾಣಾಕತ್ತೈತಿ. ಕಿರುಬೆರಳು ಅಷ್ಟ ಹೋಗತೈತಿ ಅಮ್ಮಾರ. ಉಳಿದದ್ದು ಮಾಯತೈತಿ. ಮಾಯಾಕ ಹತ್ತೇತಿ ಆಗಲೇ."

ಕಸ್ತೂರಿಗೆ ತಡೆಯಲಾಗಲಿಲ್ಲ. ಅತ್ತೆಯ ಭುಜಕ್ಕೆ ಮುಖವಿಟ್ಟು ಅತ್ತುಬಿಟ್ಟಳು. ನದಾಫರು ತಮ್ಮ ಹಳದಿ ಕನ್ನಡಕ ತೆಗೆದು ಒರೆಸಿಕೊಂಡರು, ಒರೆಸಬೇಕಾದದ್ದು ಕನ್ನಡಕವಾಗಿರಲಿಲ್ಲ.

"ನಂಗೂ ಕೊಡ್ರಿ ಅದನ್ನ," ಎಂದು ಬನಶಂಕರೆವ್ವ ಕೈ ಚಾಚಿ ಆ ಕನ್ನಡಕ ಇಸಿದುಕೊಂಡಳು. ಮೊಣಕೈ ಊರಿ ಬಗ್ಗಿ ನೋಡಿದಳು. ನೇಕಾರಳ ಕಣ್ಣು ಎಳೆಯ ಉದ್ದಕ್ಕೂ ಒಂದು ಸಲ ಹೋಗಿ, ಮತ್ತೆ ಮೊದಲಿನಿಂದ ಬಂತು.

"ಈ ಗೆರಿ ಅರಿಶಿಣ ಅಲ್ಲಲ್ಲ?"

"ಅಲ್ಲ ಅತ್ತಿ," ಎಂದಳು ಕಸ್ತೂರಿ. "ಇದು ನೀವ."

"ನಾ?"

"ಹೂಂ. ನಿಮ್ಮ ಮೈಯಾಗ ಈಗ, ಈ ಹೊತ್ತಿನ್ಯಾಗ, ಹೊಸದಾಗಿ ಹುಟ್ಟಾಕತ್ತಿದ್ದು."

ಮೂಲೆಯಲ್ಲಿ ಕೂತಿದ್ದ ದಾದಿ ಪರದೆ ಸರಿಸಲು ಎದ್ದಳು. "ತಡಿಯವ್ವಾ, ಇನ್ನೊಂಚೂರ ಕತ್ತಲ ಇರ್ಲಿ," ಎಂದು ಬನಶಂಕರೆವ್ವ ಅವಳನ್ನು ಕೂರಿಸಿದಳು.

"ಎಪ್ಪತ್ತೊಂದು ಮುಗೀತು," ಎಂದಳು, ಯಾರಿಗೆಂದಲ್ಲ. "ನನ್ನೊಳಗ ಹುಟ್ಟೂದೆಲ್ಲ ಎಂದೋ ಮುಗದೈತಿ, ಇದ್ದದ್ದ ಸವಸಕೊಂತ ಹೊಂಟೇನಿ ಅಂತ ತಿಳಕೊಂಡಿದ್ನಿ. ಇದು ನೋಡಿದ್ರ, ನಂಗ ಒಂದ ಮಾತ ಹೇಳದಂಗ ದುಡ್ಯಾಕತ್ತೈತಿ."

ಬೇವೂರ ದೀಪ ಆರಿಸಿ, ಶಸ್ತ್ರಕ್ರಿಯೆಯನ್ನು ಸೋಮವಾರ ಇಟ್ಟುಕೊಳ್ಳೋಣವೇ, ಮನೆಯವರೆಲ್ಲ ಬರುತ್ತಾರೆಯೇ ಎಂದು ಕೇಳಿದರು.

"ಸೋಮವಾರ ಯಾಕ್ರೀ?" ಎಂದು ಬನಶಂಕರೆವ್ವ ಸೆರಗು ಸಿಗಿಸಿಕೊಂಡು ಕಾಲನ್ನು ಅವರತ್ತ ಚಾಚಿದಳು. "ಇಲ್ಲಿ ಇಷ್ಟೊಂದ ಹುಟ್ಟಾಕತ್ತಾವ, ಸತ್ತದ್ದೊಂದನ್ನ ಕಾಯಕೊಂತ ಕುಂದ್ರತೀರೇನು? ಇವತ್ತ ತಗೀರಿ."